ಇಕ್ಕಟ್ಟಿನ ಬೆಸುಗೆ

ಪ್ರೀತಿಯ ತಮ್ಮಾ,

ತಿಕೋಟಾದಲ್ಲಿ ವೆಲ್ಡಿಂಗ್ ಕಲಿಯಲು ಸೇರಿದ್ದೀ ಎಂದು ಕೇಳಿ ಸಂತೋಷವಾಯಿತು. ದ್ರಾಕ್ಷಿ ಸುಗ್ಗಿಗೆ ಮುಂಚೆ ಒಣದ್ರಾಕ್ಷಿ ಶೆಡ್ಡಿನ ಕೆಲಸವೇ ನಿಮಗೆ ಹೆಚ್ಚು ಬರುತ್ತದೆ. ಗೇಟು, ಗ್ರಿಲ್ಲಿಗೆ ಮೂಲೆಮಟ್ಟ ಹಿಡಿದರೆ ಸಾಕು. ಶೆಡ್ಡಿನ ಕಂಬಕ್ಕೆ ಓರೆಯಾಗಿ ಕೊಡುವ ಪೈಪು ಹಾಗಲ್ಲ. ಒಂದು ಬದಿ ಅಗಲ, ಇನ್ನೊಂದು ಬದಿ ಬೆರಳು ತೂರದಷ್ಟು ಇಕ್ಕಟ್ಟು.

ಕೋನ 30 ಡಿಗ್ರಿಗಿಂತ ಕಿರಿದಾದರೆ ರಾಡಿನ ತುದಿ ಬುಡ ಮುಟ್ಟುವುದು ಬಲು ಕಷ್ಟ. ಲೋಹ ಮೇಲೆಯೇ ಕೂಡಿಕೊಳ್ಳುತ್ತದೆ, ಅಡಿಗೆ ಕಿಟ್ಟ ಸಿಕ್ಕಿಕೊಂಡು ಟೊಳ್ಳು ಉಳಿಯುತ್ತದೆ. ಹೊರಗಿನಿಂದ ಏನೂ ಕಾಣದು. ಹರೆಯದಲ್ಲಿ ನಾನೂ ಅಂಥ ಸಂದಿಗೆ ರಾಡಿನ ತುಂಡು ತುರುಕಿ, ಮೇಲೆ ಬೆಸೆದು, ಗ್ರೈಂಡರ್ ಆಡಿಸಿ ಬಣ್ಣ ಬಳಿದೆ. ಬಬಲೇಶ್ವರದ ಕಡೆಯ ಒಂದು ತೋಟದಲ್ಲಿ ಶೆಡ್ಡಿನ ಬಲೆಯ ಮೇಲೆ ದ್ರಾಕ್ಷಿ ಹರವಿದ ದಿನವೇ ಆ ಕೂಡು ಬಿಚ್ಚಿತು. ನಾಲ್ಕು ಕಿಲೊ ಹಸಿ ದ್ರಾಕ್ಷಿ ಒಣಗಿದರೆ ಸುಮಾರು ಒಂದು ಕಿಲೊ ಒಣದ್ರಾಕ್ಷಿ. ಬಲೆಯ ಮೇಲೆ ಪೂರ್ತಿ ಭಾರ ಬೀಳುವುದು ಮೊದಲ ದಿನವೇ. ಮಣ್ಣಿಗೆ ಬಿದ್ದ ಗೊಂಚಲುಗಳನ್ನು ಆ ಮನೆಯ ತಾಯಿ ಮಾತಿಲ್ಲದೆ ಬುಟ್ಟಿಗೆ ಆರಿಸುತ್ತಿದ್ದುದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಹಾಗಾಗಿ ಬೆಸೆಯುವ ಮುಂಚೆ ಕತ್ತರಿಸುವುದನ್ನು ಕಲಿ. ಪೈಪಿಗೆ ದಪ್ಪ ಕಾಗದ ಸುತ್ತಿ ಗೆರೆ ಎಳೆ, ತುದಿಯನ್ನು ಮೀನಿನ ಬಾಯಿಯಂತೆ ಕೊರೆ. ಕಂಬಕ್ಕೆ ಹಚ್ಚಿ ಹಿಂದಿನಿಂದ ನೋಡು. ಬೆಳಕು ತೂರಿದರೆ ಸಂದು ಉಳಿದಿದೆ. ತಗಲುವ ಜಾಗವನ್ನು ಅರದಿಂದ ತಿಕ್ಕಿ ಮತ್ತೆ ಹಚ್ಚು. ಬೇಸರವಾದೀತು, ಆದರೂ ಬಿಡಬೇಡ. ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ.

2 ಮಿ.ಮೀ. ದಪ್ಪದ ಪೈಪಿಗೆ 2.5 ಮಿ.ಮೀ. ರಾಡು, ಸುಮಾರು 70 ಆಂಪಿಯರ್. ಎರಡೂ ಮಗ್ಗುಲಿಗೆ ಟ್ಯಾಕ್ ಹಾಕಿ, ಇಕ್ಕಟ್ಟಿನ ಬದಿಯನ್ನೇ ಮೊದಲು ಬೆಸೆ. ಅಲ್ಲಿಗೆ ಅರ್ಧ ಉರಿದ ಮೋಟು ರಾಡು ಒಳ್ಳೆಯದು, ತುದಿ ನಡುಗುವುದಿಲ್ಲ. ಒಂದು ಮಗ್ಗುಲಿಂದ ಶುರು ಮಾಡಿ ಸಂದಿ ದಾಟಿ ಇನ್ನೊಂದು ಮಗ್ಗುಲಲ್ಲಿ ನಿಲ್ಲಿಸು; ಸಂದಿಯ ನಡುವೆ ರಾಡು ಎತ್ತಬೇಡ. ಜಿಐ ಪೈಪಾದರೆ ಬೆಸುಗೆಯ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಹಿಡಿಯುತ್ತದೆ. ಗಾಳಿ ಪಕ್ಕದಿಂದ ಬೀಸುವಂತೆ ಕುಳಿತುಕೋ.

ಮೊದಲ ಹತ್ತು ಕೂಡುಗಳನ್ನು ಯಾವ ರೈತನಿಗೂ ಕೊಡಬೇಡ. ಗರಗಸದಿಂದ ಉದ್ದಕ್ಕೆ ಸೀಳಿ, ಬುಡದಲ್ಲಿ ಕಪ್ಪು ಗೆರೆ ಇದೆಯೇ ನೋಡು. ಸೀಳಿದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ವಿಜಯಪುರಕ್ಕೆ ಬಾ. ರವಿವಾರ ಅಂಗಡಿಯಲ್ಲೇ ಇರುತ್ತೇನೆ, ಇಬ್ಬರೂ ಕುಳಿತು ನೋಡೋಣ.

ನಿನ್ನ ಕಾಕಾ