ಪುಸ್ತಕದೊಳಗಿನ ಚೀಟಿ

ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಒಂದು ಕಪಾಟಿದೆ. ಅದಕ್ಕೆ ಬೀಗವಿಲ್ಲ. ದಾರ ಕಟ್ಟಿ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಯಾರು ಬೇಕಾದರೂ ಪುಸ್ತಕ ಒಯ್ಯಬಹುದು. ಪ್ರತಿ ಪುಸ್ತಕದ ಮೊದಲ ಪುಟಕ್ಕೆ ನನ್ನ ಕೈಬರಹದ ಒಂದು ಚೀಟಿ ಅಂಟಿಸಿರುತ್ತೇನೆ. ಈ ಕೆಲಸಕ್ಕೆ ಈಗ ಹನ್ನೊಂದು ವರ್ಷ. ಕಲಿತದ್ದೆಲ್ಲ ಎಡವಿಯೇ.

1. ‘ಓದಲೇಬೇಕು’ ಎಂದರೆ ಯಾರೂ ಓದುವುದಿಲ್ಲ.

ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬನಿಗೆ ‘ಮಲೆಗಳಲ್ಲಿ ಮದುಮಗಳು’ ಕೊಟ್ಟು, ಇದನ್ನು ಓದದಿದ್ದರೆ ಕನ್ನಡದಲ್ಲಿ ಏನೂ ಓದಿದ ಹಾಗಾಗುವುದಿಲ್ಲ ಎಂದು ಭಾಷಣ ಬಿಗಿದಿದ್ದೆ. ಎಂಟು ತಿಂಗಳ ಮೇಲೆ ಪುಸ್ತಕ ವಾಪಸ್ಸು ಬಂತು. ಬಸ್ಸಿನ ಟಿಕೆಟ್ಟು ನಲವತ್ತನೆಯ ಪುಟದ ಹತ್ತಿರವೇ ಸಿಕ್ಕಿಕೊಂಡಿತ್ತು. ತಪ್ಪು ನನ್ನದೇ. ಅಷ್ಟು ದೊಡ್ಡ ಕಾದಂಬರಿ, ಅದರಲ್ಲಿ ಇವನೇ ನಾಯಕ ಎಂದು ಬೊಟ್ಟು ಮಾಡಿ ತೋರಿಸುವಂಥವನು ಒಬ್ಬನೂ ಇಲ್ಲ, ಎಲ್ಲಿ ಹಿಡಿದುಕೊಳ್ಳಬೇಕು ಅವನು? ಎರಡನೆಯ ಸಲ ಕೊಡುವಾಗ, "ಗುತ್ತಿ ಅಂತ ಒಬ್ಬ ಇದಾನೆ, ಅವನ ಜೊತೆ ಹುಲಿಯ ಅಂತ ಒಂದು ನಾಯಿ. ಉಳಿದವರ ಹೆಸರು ಮರೆತರೂ ಪರವಾಗಿಲ್ಲ, ನಾಯಿ ಹಿಂದೆ ಹೋಗು" ಎಂದೆ. ತಿಂಗಳೊಳಗೆ ಒಂದು ರಾತ್ರಿ ಹತ್ತು ಗಂಟೆಗೆ ಗೇಟು ಬಡಿದ. ಒಳಗೂ ಬರಲಿಲ್ಲ. "ಆ ನಾಯಿಗೆ ಹಂಗೆ ಆಗಬಾರದಿತ್ತು ಸಾರ್" ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದ.

2. ಚೀಟಿಯಲ್ಲಿ ‘ಅದ್ಭುತ’ ಎಂಬ ಪದಕ್ಕೆ ಜಾಗವಿಲ್ಲ.

ತೇಜಸ್ವಿಯವರ ‘ಕರ್ವಾಲೊ’ಗೆ ನಾನು ಬರೆದ ಮೊದಲ ಚೀಟಿ ನನ್ನ ಹತ್ತಿರ ಇನ್ನೂ ಇದೆ. ಮನುಷ್ಯ, ಪ್ರಕೃತಿ, ಅನನ್ಯ, ಶೋಧ, ಈ ನಾಲ್ಕೂ ಪದ ಅದರಲ್ಲಿವೆ. ವರ್ಷವಿಡೀ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಆ ಚೀಟಿಯನ್ನು ಕಿತ್ತಿಟ್ಟು, ‘ಮೂಡಿಗೆರೆಯಲ್ಲಿ ಜೇನುತುಪ್ಪ ಕೊಳ್ಳಲು ಹೋದವನೊಬ್ಬ ಕೊನೆಗೆ ಹಾರುವ ಓತಿ ಹುಡುಕುತ್ತ ಕಾಡಿನಲ್ಲಿ ಅಲೆಯುತ್ತಾನೆ. ಕಿವಿ ಎಂಬ ನಾಯಿಯೂ ಇದೆ’ ಎಂದು ಬರೆದೆ. 1980ರಲ್ಲಿ ಬಂದ ಆ ಪುಸ್ತಕದ ಮೂರನೆಯ ಪ್ರತಿ ಈಗ ಓಡಾಡುತ್ತಿದೆ, ಮೊದಲೆರಡು ಓದಿ ಓದಿ ಬಿಚ್ಚಿಹೋದವು. ಓದುಗನಿಗೆ ಬೇಕಾದ್ದು ಒಂದು ವಸ್ತು, ಒಂದು ಪ್ರಾಣಿ, ಒಂದು ಊರು. ನನ್ನ ಅಭಿಪ್ರಾಯ ಅವನಿಗೇಕೆ?

(ಚೀಟಿಗಳಲ್ಲಿ ನಾಯಿ ಜಾಸ್ತಿಯಾಯಿತು ಎಂದು ಮಗಳು ಆಡಿಕೊಳ್ಳುತ್ತಾಳೆ. ಏನು ಮಾಡಲಿ, ಕಾರಂತರ ಚೋಮನ ಗುಡಿಸಲಲ್ಲೂ ಬಾಡು ಇದೆ.)

3. ಹಿಡಿಸದ್ದನ್ನೂ ಬರೆಯಬೇಕು.

ಭೈರಪ್ಪನವರ ‘ಪರ್ವ’ವನ್ನು ನಾನು ಎರಡು ಸಲ ಅರ್ಧಕ್ಕೇ ಬಿಟ್ಟವನು. ಹಾಗೆಂದು ಬರೆಯಲು ಮೊದಲು ಅಂಜಿಕೆಯಿತ್ತು, ಊರಲ್ಲಿ ಅವರ ಭಕ್ತರು ಬಹಳ. ಕೊನೆಗೆ ಧೈರ್ಯ ಮಾಡಿ, ‘ಯುದ್ಧಕ್ಕಿಂತ ಯುದ್ಧದ ಏರ್ಪಾಡೇ ಹೆಚ್ಚು. ದಂಡಿನ ದವಸ, ಹೊಲಸು, ಗಬ್ಬು ಎಲ್ಲ ಇದೆ, ನನಗೆ ಸಾಕಾಯಿತು’ ಎಂದು ಚೀಟಿ ಅಂಟಿಸಿದೆ. ಪಕ್ಕದ ಬೀದಿಯ ನಿವೃತ್ತ ಸೈನಿಕರೊಬ್ಬರು ಅದನ್ನೋದಿ, "ಶೌಚದ ವ್ಯವಸ್ಥೆ ಬಗ್ಗೇನೂ ಬರೆದಿದಾರಾ? ಹಂಗಾದ್ರೆ ಬರೆದವರಿಗೆ ಸೈನ್ಯ ಗೊತ್ತು" ಎಂದು ಅಲ್ಲೇ ನಿಂತು ಹೆಸರು ಬರೆದರು. ಹದಿನೈದು ದಿನದಲ್ಲಿ ಮುಗಿಸಿಯೂಬಿಟ್ಟರು. ನನ್ನ ದೂರೇ ಅವರಿಗೆ ಶಿಫಾರಸು. ಪ್ರತಿ ಪುಸ್ತಕಕ್ಕೂ ಅದರದೇ ಓದುಗ ಇರುತ್ತಾನೆ ಎಂದು 1931ರಲ್ಲೇ ಸೂತ್ರ ಬರೆದಿಟ್ಟ ಎಸ್.ಆರ್. ರಂಗನಾಥನ್ ತಮ್ಮ ಕೊನೆಗಾಲವನ್ನು ಬೆಂಗಳೂರಿನಲ್ಲೇ ಕಳೆದರು. ಗ್ರಂಥಾಲಯ ವಿಜ್ಞಾನದವರಿಗೆ ಆ ಸೂತ್ರ ಬಾಯಿಪಾಠ. ನನಗೆ ಅರ್ಥವಾಗಲು ಒಬ್ಬ ಸುಬೇದಾರರು ಬರಬೇಕಾಯಿತು.

4. ಕೆಲವು ಪುಸ್ತಕ ಕಣ್ಣಿಗಲ್ಲ, ಕಿವಿಗೆ.

ದೇವನೂರರ ‘ಕುಸುಮಬಾಲೆ’ಯನ್ನು ಪುಟ ಕಡಿಮೆ ಎಂದು ಒಯ್ದವರೆಲ್ಲ ಮೂರು ದಿನಕ್ಕೆ ತಂದಿಡುತ್ತಿದ್ದರು. ಶಾಲೆಯಲ್ಲಿ ಕಲಿತ ಕನ್ನಡದ ಕಣ್ಣಿಗೆ ನಂಜನಗೂಡು ಸೀಮೆಯ ಆ ಮಾತು ಕಲ್ಲು ಸಿಕ್ಕಿದ ಅನ್ನದ ಹಾಗೆ. ಒಂದು ಭಾನುವಾರ ಸಂಜೆ ಏಳೆಂಟು ಜನ ಜಗಲಿಯಲ್ಲಿ ಕೂತಿದ್ದಾಗ, ಆ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳ ಕೈಗೆ ಪುಸ್ತಕ ಕೊಟ್ಟೆ. ದೀಪದ ಜೋತಮ್ಮಂದಿರು ಸೇರಿ ಸುಖದುಃಖ ಮಾತಾಡಿಕೊಳ್ಳುವ ಪುಟ. ಮೊದಲು ನಾಚಿಕೊಂಡು, ಆಕೆ ಟೀಚರ್ ಓದುವ ಹಾಗೆ ಓದಿದಳು. ಎರಡನೆಯ ಪ್ಯಾರಾಕ್ಕೆ ದನಿ ಇಳಿಯಿತು, ತವರಿನ ರಾಗ ಬಂತು. "ನಮ್ಮಜ್ಜಿ ಹಿಂಗೇ ಅಂತಿದ್ರು" ಎಂದು ನಡುವೆ ಒಮ್ಮೆ ನಿಲ್ಲಿಸಿದಳು. ಕರೆಂಟು ಹೋದಾಗ ಯಾರೋ ಮೊಬೈಲ್ ಬೆಳಕು ಹಿಡಿದರು, ಓದು ನಿಲ್ಲಲಿಲ್ಲ. ಅರ್ಥ ಕೇಳುವುದು ಎಲ್ಲರಿಗೂ ಮರೆತುಹೋಗಿತ್ತು. ಈಗ ಆ ಪುಸ್ತಕದ ಚೀಟಿಯಲ್ಲಿರುವುದು ಎರಡೇ ಪದ: ‘ಗಟ್ಟಿಯಾಗಿ ಓದಿ’.

5. ಹೋದ ಪುಸ್ತಕ ಹೋಯಿತು.

ದಂಡ, ಫೋನು, ನೆನಪಿಸುವ ಮೆಸೇಜು ಎಲ್ಲ ಮಾಡಿ ನೋಡಿದೆ. ಪುಸ್ತಕವೂ ಬರಲಿಲ್ಲ, ಒಯ್ದವರೂ ಮತ್ತೆ ಬರಲಿಲ್ಲ. ತ್ರಿವೇಣಿಯವರ ಕಾದಂಬರಿಗಳನ್ನಂತೂ ಈಗ ಎರಡೆರಡು ಪ್ರತಿ ಕೊಳ್ಳುತ್ತೇನೆ, ಒಂದು ಕಳೆಯುವುದಕ್ಕೆ.

6. ಕಪಾಟು ನಡೆಯುವುದಿಲ್ಲ, ನಾವೇ ನಡೆಯಬೇಕು.

ಗಳಗನಾಥರು ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ಸುತ್ತಿ ಮಾರಿದವರು. ಅವರ ಮುಂದೆ ನನ್ನದೇನು ಮಹಾ, ಬುಧವಾರ ಒಂದು ಕೈಚೀಲದಲ್ಲಿ ಆರು ಪುಸ್ತಕ ತುಂಬಿಕೊಂಡು ಹೊಲಿಗೆ ಅಂಗಡಿಗೆ ಹೋಗುತ್ತೇನೆ. ಅಳತೆ ಕೊಡಲು ಬಂದವರು ಕಾಯುವಾಗ ತಿರುವುತ್ತಾರೆ. ಬ್ಲೌಸು ಹೇಳಿದ ದಿನಕ್ಕೆ ಆಗದಿದ್ದಷ್ಟೂ ನನಗೆ ಲಾಭ.

7. ಮಕ್ಕಳನ್ನು ‘ಏನು ಕಲಿತೆ’ ಎಂದು ಕೇಳಬಾರದು.

ಕೇಳಿದ ಮರುವಾರ ಆ ಮಗು ಬರುವುದಿಲ್ಲ, ಇದು ಅನುಭವದ ಮಾತು. ಈಗ ಮಕ್ಕಳ ಪುಸ್ತಕಗಳಲ್ಲಿ ನನ್ನ ಚೀಟಿಯ ಕೆಳಗೆ ಒಂದು ಖಾಲಿ ಚೀಟಿಯನ್ನೂ ಅಂಟಿಸುತ್ತೇನೆ, ಏನೂ ಹೇಳುವುದಿಲ್ಲ. ಬಹಳಷ್ಟು ಖಾಲಿಯಾಗೇ ಬರುತ್ತವೆ. ಕೆಲವದರಲ್ಲಿ ಚಂದ್ರ, ಕಾರು, ಟೀ ಕಲೆ. ಹೋದ ತಿಂಗಳು ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಆನೆಯ ಕತೆಯ ತೆಳ್ಳನೆಯ ಪುಸ್ತಕ ತಂದಿಟ್ಟು ಓಡಿಹೋದಳು. ತೆಗೆದು ನೋಡಿದರೆ ಪೆನ್ಸಿಲ್ಲಿನಲ್ಲಿ ದುಂಡಗೆ ಬರೆದಿದ್ದಳು: ‘ಇದರಲ್ಲಿ ನಾಯಿ ಇಲ್ಲ. ಆದರೂ ಓದಬಹುದು.’