ವರದಿಯೇ ತೀರ್ಪಲ್ಲ

ಗಂಡ ಹೆಂಡಿರು ಬೇರೆಯಾದಾಗ ಪಾತ್ರೆ ಪಡಗಗಳನ್ನು ಹಂಚಿಕೊಳ್ಳಬಹುದು, ಮಗುವನ್ನು ಹಂಚಿಕೊಳ್ಳಲಾಗದು. ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಹುಟ್ಟಿದರೆ ಮುಲುಂಡಿನವರಾದ ನಾವು ಬಾಂದ್ರಾದ ಕುಟುಂಬ ನ್ಯಾಯಾಲಯಕ್ಕೆ ಹೋಗಬೇಕು. 1984ರ ಕಾಯಿದೆಯ ಮೇರೆಗೆ ಇದು 1989ರಲ್ಲಿ ಆರಂಭವಾಯಿತು. ಪಾಲಕತ್ವದ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಕೊಡಬೇಕಾದ್ದರಿಂದ, ಮಗು ಚೆಕ್‌ನಾಕಾದ ಆಚೆಗಿದ್ದರೆ ಠಾಣೆಗೆ ಹೋಗಬೇಕಾದೀತು.

ಈ ನ್ಯಾಯಾಲಯದಲ್ಲಿ ಕೌನ್ಸೆಲರರಿರುತ್ತಾರೆ. ಅವರು ತಾಯಿತಂದೆಯರೊಡನೆಯೂ ಮಗುವಿನೊಡನೆಯೂ ಮಾತನಾಡಿ ನ್ಯಾಯಾಧೀಶರಿಗೆ ವರದಿ ಒಪ್ಪಿಸುತ್ತಾರೆ. ವರದಿ ತಮಗೆ ವಿರುದ್ಧವಾಯಿತೆಂದರೆ ನಮ್ಮವರಲ್ಲಿ ಅನೇಕರು 'ಇನ್ನು ಎಲ್ಲ ಮುಗಿಯಿತು' ಎಂದು ಕೈಚೆಲ್ಲುತ್ತಾರೆ. ಇದು ತಪ್ಪು ತಿಳಿವಳಿಕೆ.

ವರದಿಗೆ ತೂಕವಿದೆ, ನಿಜ. ಕಾಯಿದೆಯ 14ನೆಯ ಕಲಮು ಇಂಥ ವರದಿಗಳನ್ನು ಸಾಕ್ಷ್ಯವಾಗಿ ನೋಡಲು ನ್ಯಾಯಾಧೀಶರಿಗೆ ವಿಶಾಲ ಅಧಿಕಾರ ಕೊಟ್ಟಿದೆ. ಮಗುವಿನ ವ್ಯಾಜ್ಯದಲ್ಲಿ ಕೌನ್ಸೆಲರರ ವರದಿಗೆ ಎಂದಿನ ಗೋಪ್ಯತೆಯ ನಿಯಮ ಅಡ್ಡಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಆದರೂ ತೀರ್ಮಾನ ನ್ಯಾಯಾಧೀಶರದೇ. ಅವರು ನೋಡಬೇಕಾದುದು 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆಯ 13ನೆಯ ಕಲಮು ಹೇಳುವಂತೆ ಮಗುವಿನ ಹಿತವನ್ನು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು ಅದೇ ಕಾಯಿದೆ ಹೇಳುತ್ತದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೇಳಬಹುದೆಂದು 1890ರ ಪಾಲಕ ಮತ್ತು ಪಾಲ್ಯರ ಕಾಯಿದೆ ಹೇಳುತ್ತದೆ.

ಹಾಗಾದರೆ ಮಾಡಬೇಕಾದುದೇನು?

ಮೊದಲು ವರದಿಯ ನಕಲಿಗೆ ಅರ್ಜಿ ಕೊಟ್ಟು, ಅದನ್ನು ಸಾವಧಾನವಾಗಿ ಓದಿಸಿ ಅರ್ಥ ಮಾಡಿಕೊಳ್ಳಬೇಕು. ಅನಂತರ ತಕರಾರನ್ನು ಅಫಿಡವಿಟ್ಟಿನೊಡನೆ ಬರೆದು ಕೊಡಬೇಕು. 'ಕೌನ್ಸೆಲರರು ಪಕ್ಷಪಾತಿಗಳು' ಎಂಬ ಕೂಗಿಗೆ ಬೆಲೆಯಿಲ್ಲ. ಪ್ರತಿಯೊಂದು ತಪ್ಪಿಗೂ ಆಧಾರ ಬೇಕು. 'ತಂದೆಗೆ ರಾತ್ರಿ ಪಾಳಿ, ಮಗುವನ್ನು ನೋಡುವವರಿಲ್ಲ' ಎಂದು ಬರೆದಿದ್ದರೆ, ಮನೆಯಲ್ಲಿರುವ ಅಜ್ಜಿಯ ಹೇಳಿಕೆ, ಕಾರಖಾನೆಯ ಪಾಳಿಪತ್ರ, ಶಾಲೆಯ ಹಾಜರಿ, ವೈದ್ಯರ ಚೀಟಿ ಇವನ್ನು ಮುಂದಿಡಬೇಕು. ಮನೆಯಲ್ಲಿ ಕನ್ನಡವಾಡುವ ಮಗು ಪರಭಾಷೆಯ ಪ್ರಶ್ನೆಗೆ ಸುಮ್ಮನೆ ತಲೆಯಾಡಿಸಿರಬಹುದು. ಹಾಗಾಗಿದ್ದರೆ ಕನ್ನಡ ಬಲ್ಲವರ ನೆರವಿನಿಂದ ಮಗುವನ್ನು ಮತ್ತೆ ಮಾತನಾಡಿಸಬೇಕೆಂದು ಬೇಡಿಕೊಳ್ಳಬಹುದು. ನ್ಯಾಯಾಧೀಶರೇ ತಮ್ಮ ಕೋಣೆಯಲ್ಲಿ ಮಗುವನ್ನು ಕಾಣಲಿ ಎಂದೂ, 12ನೆಯ ಕಲಮಿನಂತೆ ಬೇರೆ ತಜ್ಞರ ನೆರವು ಪಡೆಯಲಿ ಎಂದೂ ಕೇಳಬಹುದು. ಒಪ್ಪುವುದು ಬಿಡುವುದು ಅವರ ವಿವೇಚನೆ.

ಮಾಡಬಾರದುದೂ ಉಂಟು. ಮಗುವಿಗೆ ಉತ್ತರ ಬಾಯಿಪಾಠ ಮಾಡಿಸಬಾರದು. ಸೋಲುವ ಭಯದಿಂದ ಮಗುವನ್ನು ರಾತ್ರೋರಾತ್ರಿ ಊರಿನ ಬಸ್ಸು ಹತ್ತಿಸಬಾರದು. ಅದರಿಂದ ಗೆಲ್ಲುವ ವ್ಯಾಜ್ಯವೂ ಕೆಟ್ಟೀತು. ಓದಲಾರದ ಕಾಗದಕ್ಕೆ ರುಜು ಹಾಕಲೇಬಾರದು; ಉಭಯರ ಒಪ್ಪಿಗೆಯಿಂದಾದ ಡಿಕ್ರಿಯ ಮೇಲೆ ಅಪೀಲು ಇಲ್ಲ.

ಕುಟುಂಬ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಅನುಮತಿ ಬೇಕು. ಹಣವಿಲ್ಲದವರು ಹೆದರಬೇಕಿಲ್ಲ. 1987ರ ಕಾನೂನು ಸೇವಾ ಕಾಯಿದೆಯಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಮಿಕ್ಕವರಿಗೆ ಆದಾಯದ ಮಿತಿಯುಂಟು. ಅಂತಿಮ ತೀರ್ಪು ವಿರುದ್ಧವಾದರೆ ಹೈಕೋರ್ಟಿಗೆ ಅಪೀಲು ಹೋಗಬಹುದು. ಕುಟುಂಬ ನ್ಯಾಯಾಲಯದ ಕಾಯಿದೆ ಅದಕ್ಕೆ 30 ದಿನಗಳ ಅವಧಿ ಹೇಳಿದೆಯಾಗಿ ತಡಮಾಡಬಾರದು. ಮಗುವಿನ ವಶದ ಆಜ್ಞೆ ಕಲ್ಲಿನ ಮೇಲಿನ ಬರೆಹವಲ್ಲ, ಪರಿಸ್ಥಿತಿ ಬದಲಾದರೆ ಆಜ್ಞೆಯೂ ಬದಲಾಗಬಹುದೆಂದು 1973ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ.

ಈ ಪಾಠ ವಕೀಲರ ಸಲಹೆಗೆ ಬದಲಲ್ಲ. ವಕೀಲರ ಮುಂದೆ ಏನು ಕೇಳಬೇಕೆಂದು ತಿಳಿಯಲಷ್ಟೇ. ತಕರಾರು ಬರೆಯಲು ಕುಳಿತಾಗ ಒಂದು ಮಾತು ನೆನಪಿರಲಿ: ನಮಗಾದ ಅನ್ಯಾಯವನ್ನು ಬರೆದರೆ ಅದು ನಮ್ಮ ಜಗಳದ ಕಾಗದ, ಮಗುವಿಗೆ ಬೇಕಾದುದನ್ನು ಬರೆದರೆ ನ್ಯಾಯಾಲಯ ಕಿವಿಗೊಟ್ಟು ಕೇಳುತ್ತದೆ.