ಒಂದು ಚೌಕ, ಒಂದು ಗುಂಟೆ: ಹೊಲ ಸೊರಗುವುದನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸುವ ಬಗೆ

ಹೊಲ ಒಂದೇ ವರ್ಷದಲ್ಲಿ ಬರಡಾಗುವುದಿಲ್ಲ. ಮೊದಲು ಇಳಿಜಾರಿನ ಮೇಲ್ತುದಿಯಲ್ಲಿ ಕಲ್ಲು ಏಳುತ್ತದೆ. ಮುಂದಿನ ಮುಂಗಾರಿನಲ್ಲಿ ಅಲ್ಲಿ ಶೇಂಗಾ ಚೋಟುದ್ದಕ್ಕೇ ನಿಲ್ಲುತ್ತದೆ. ಆಮೇಲೆ ಕೊರಕಲು ಬೀಳುತ್ತದೆ. ದಿನವೂ ಅದೇ ಹೊಲದಲ್ಲಿ ಓಡಾಡುವವರಿಗೆ ಈ ನಿಧಾನದ ಬದಲಾವಣೆ ಗಮನಕ್ಕೆ ಬರುವುದು ತಡ. ಹತ್ತು ವರ್ಷದ ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಇಸ್ರೋದ ಅಹಮದಾಬಾದ್ ಕೇಂದ್ರ 2021ರಲ್ಲಿ ಹೊರತಂದ ನಕ್ಷೆಗಳ ಪ್ರಕಾರ, 2018–19ರಲ್ಲಿ ದೇಶದ 9.785 ಕೋಟಿ ಹೆಕ್ಟೇರ್ ನೆಲ, ಅಂದರೆ ಶೇ. 29.77 ಭಾಗ, ಸತ್ವ ಕಳೆದುಕೊಂಡಿತ್ತು. 2003–05ರಲ್ಲಿ ಇದು 9.453 ಕೋಟಿ ಹೆಕ್ಟೇರ್ ಇತ್ತು. ಮುಖ್ಯ ಕಾರಣ ಮಳೆನೀರಿಗೆ ಮಣ್ಣು ಕೊಚ್ಚಿಹೋಗುವುದು. ಕರ್ನಾಟಕದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ನೆಲ ಈ ಪಟ್ಟಿಯಲ್ಲಿದೆ.

ಉಪಗ್ರಹ ನೋಡುವುದೇನು?

ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಇವೆರಡನ್ನೂ ಅಳೆದು ತೆಗೆಯುವ ಹಸಿರು ಸೂಚ್ಯಂಕಕ್ಕೆ ಎನ್‌ಡಿವಿಐ ಎನ್ನುತ್ತಾರೆ. ಬರಿ ಮಣ್ಣಿಗೆ ಇದು ಸುಮಾರು 0.1–0.2, ದಟ್ಟ ಬೆಳೆಗೆ 0.6ಕ್ಕಿಂತ ಮೇಲೆ.

ಯುರೋಪಿನ ಸೆಂಟಿನೆಲ್-2 ಜೋಡಿ ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ತೆಗೆಯುತ್ತವೆ, ಚಿತ್ರಗಳು ಉಚಿತ. ಚಿತ್ರದ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಗುಂಟೆ. ಎಕರೆಗೆ ನಲವತ್ತು ಚೌಕ.

ಹೋಲಿಸುವಾಗ ಎಚ್ಚರ

• ಒಂದೇ ತಿಂಗಳಿನ ಚಿತ್ರಗಳನ್ನೇ ಹೋಲಿಸಿ. ಜೂನ್ ಚಿತ್ರದ ಪಕ್ಕ ನವೆಂಬರ್ ಚಿತ್ರ ಇಟ್ಟರೆ ಕಾಣುವುದು ಹಂಗಾಮಿನ ವ್ಯತ್ಯಾಸ ಅಷ್ಟೇ.
• ಬರಗಾಲದ ವರ್ಷವನ್ನು ಒಳ್ಳೆ ಮಳೆಯ ವರ್ಷದ ಜೊತೆ ತೂಗಬೇಡಿ.
• ಮುಂಗಾರಿನಲ್ಲಿ ಮೋಡ ಅಡ್ಡ ಬರುತ್ತದೆ. ಮಳೆ ಬಿಟ್ಟ ಮೇಲಿನ ಚಿತ್ರ ಆರಿಸಿ.
• ಹಸಿರು ಹೆಚ್ಚಿತೆಂದು ಹಿಗ್ಗಬೇಡಿ. ಬೀಳುಬಿಟ್ಟ ಹೊಲಕ್ಕೆ ಬಳ್ಳಾರಿ ಜಾಲಿ ಹಬ್ಬಿದರೂ ಸೂಚ್ಯಂಕ ಏರುತ್ತದೆ.

ಕಾರಣ ನೆಲದಲ್ಲೇ ಹುಡುಕಿ

ಉಪಗ್ರಹ ಜಾಗ ತೋರಿಸುತ್ತದೆ, ರೋಗ ಹೇಳುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ನೆಲವನ್ನೇ ನೋಡಿ. ಬೇಸಿಗೆಯ ಚಿತ್ರದಲ್ಲಿ ಉಪ್ಪು ಕಟ್ಟಿದ ಮಡಿ ಬೆಳ್ಳಗೆ ಕಾಣುತ್ತದೆ. ಒಣ ಸುಣ್ಣಗಲ್ಲಿನ ನೆಲವೂ ಹಾಗೆಯೇ ಕಾಣಬಹುದು. ಅಲ್ಲಿ ಹೋಗಿ ಗುದ್ದಲಿ ಹಾಕಿ, ಮಣ್ಣಿನ ಮಾದರಿ ತೆಗೆದು ಪರೀಕ್ಷೆಗೆ ಕೊಡಿ. ರಸಸಾರ 8.5 ಮೀರಿದ ಕ್ಷಾರ ಮಣ್ಣಿಗೆ ಶಿಫಾರಸಿನಷ್ಟು ಜಿಪ್ಸಮ್ ಬೇಕಾಗುತ್ತದೆ. ಬರಿ ಉಪ್ಪಿನಂಶ ಹೆಚ್ಚಾಗಿದ್ದರೆ ಜಿಪ್ಸಮ್ ಹಣ ದಂಡ. ಅಲ್ಲಿಗೆ ಬಸಿಗಾಲುವೆ ತೋಡಿ, ಒಳ್ಳೆ ನೀರು ನಿಲ್ಲಿಸಿ ಉಪ್ಪು ತೊಳೆಯಬೇಕು.

ಖುಷ್ಕಿ ಹೊಲದ ಮೇಲ್ತುದಿ ಬಿಳಚಿಕೊಂಡಿದ್ದರೆ ಮೊದಲು ಬದು ನೋಡಿ. ಒಡೆದ ಬದು ಕಟ್ಟಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಕೆರೆ ಹೂಳು ಅಥವಾ ಕೊಟ್ಟಿಗೆ ಗೊಬ್ಬರವನ್ನು ಆ ಗುಂಟೆಗಳಿಗೇ ಮೊದಲು ಹಾಕಿ.

ಕೆಲಸ ಶುರುಮಾಡುವ ಮುನ್ನ ಸೊರಗಿದ ಚೌಕಗಳನ್ನು ಎಣಿಸಿ ಬರೆದಿಡಿ. ಮೂರು ವರ್ಷ ಕಳೆದು ಅದೇ ತಿಂಗಳ ಚಿತ್ರ ತೆರೆದು ಮತ್ತೆ ಎಣಿಸಿ. ಎಷ್ಟು ಗುಂಟೆ ಚೇತರಿಸಿಕೊಂಡಿತು ಎಂಬ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ.